ಎಡಕ್ಕೆ, ಸಾರ್, ಎಡಕ್ಕೆ

ಓಟಕ್ಕೆ ಹೆಸರು ಬರೆಸುವ ಸಾಲಿನಲ್ಲಿ ನಿಂತಿದ್ದವನ ಬೆನ್ನು ಕಂಡದ್ದೇ ತಡ, ವೇಣುವಿನ ಕೈಯಲ್ಲಿದ್ದ ಪಿನ್ನು ನಂಬರಿನ ಚೀಟಿಯನ್ನೂ ಬನಿಯನ್ನನ್ನೂ ದಾಟಿ ಎದೆಗೆ ಚುಚ್ಚಿತು. ಮೂವತ್ತು ವರ್ಷದಿಂದ ಆಂಡರ್ಸನ್‌ಪೇಟೆಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತ ಬಂದವನು ಪಿನ್ನು ಚುಚ್ಚಿಕೊಳ್ಳುವುದೆಂದರೆ ನಾಚಿಕೆಯ ವಿಷಯವೇ. ಆದರೆ ಅವನು ಎದೆ ಸವರಿಕೊಳ್ಳುವುದನ್ನೂ ಮರೆತು ಆ ಬೆನ್ನನ್ನೇ ನೋಡುತ್ತಿದ್ದ. ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ಕೆಳಗೆ. ಇಂಥವರಿಗೆ ಷರಟು ಹೊಲಿಯುವಾಗ ಭುಜದೊಳಗೊಂದು ಪಟ್ಟಿ ಕೊಟ್ಟು ಎತ್ತರಿಸದಿದ್ದರೆ ಕಾಲರು ಒಂದು ಕಡೆಗೆ ಜಾರಿಬಿಡುತ್ತದೆ. ಭುಜ ತಗ್ಗಿದವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಮೂಟೆ ಹೊತ್ತವರು, ಪುಸ್ತಕದ ಚೀಲವನ್ನು ಒಂದೇ ಕಡೆ ನೇತುಹಾಕಿಕೊಳ್ಳುವ ಹುಡುಗಿಯರು, ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಆ ಮನುಷ್ಯ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಕತ್ತನ್ನು ಎಡಕ್ಕೊಮ್ಮೆ ತಿರುಗಿಸಿ ಚಟಕ್ಕನೆ ನೆಟಿಗೆ ಮುರಿದ. ವೇಣುವಿನ ಅನುಮಾನ ಕರಗಿತು. ಮುಖವನ್ನು ಅವನು ಪೇಪರಿನಲ್ಲಿ ಎಷ್ಟು ಸಲ ನೋಡಿದ್ದರೂ ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯುತ್ತಿದ್ದನೋ ಇಲ್ಲವೋ. ಬೆನ್ನು ಮಾತ್ರ ಮರೆಯುವಂಥದಲ್ಲ. ಆ ಬೆನ್ನು ಅವನನ್ನು ಎರಡು ಸಲ ದಾಟಿಕೊಂಡು ಹೋಗಿತ್ತು.

ಜನವರಿಯ ಭಾನುವಾರ. ರಾಬರ್ಟ್‌ಸನ್‌ಪೇಟೆಯ ಮೈದಾನದಲ್ಲಿ ಇನ್ನೂ ಮಂಜು ಪೂರ್ತಿ ಎದ್ದಿರಲಿಲ್ಲ. ಬೆಳಗಿನ ನಡಿಗೆಯವರ ಸಂಘ ವರ್ಷಕ್ಕೊಮ್ಮೆ ನಡೆಸುವ ಹತ್ತು ಕಿಲೋಮೀಟರು ಓಟ. ಸ್ಪೀಕರಿನಲ್ಲಿ ಒಂದು ಹಾಡು ಕನ್ನಡದ್ದು, ಒಂದು ತಮಿಳಿನದು, ಮಧ್ಯೆ ಯಾರದೋ ಕೆಮ್ಮು. ಮೇಜಿನ ಹಿಂದೆ ಕೂತು ಹೆಸರು ಬರೆದುಕೊಳ್ಳುತ್ತಿದ್ದವಳು ವೇಣುವಿನ ಮಗಳು ಸಹನ, ಅದೇ ಪೇಟೆಯ ಒಂದು ಶಾಲೆಯಲ್ಲಿ ಆಟದ ಟೀಚರು. ಆ ಬೆನ್ನಿನ ಯಜಮಾನ ಮೇಜಿನ ಮುಂದೆ ಬಗ್ಗಿದಾಗ ವೇಣು ಎರಡು ಹೆಜ್ಜೆ ಹತ್ತಿರ ಸರಿದು ಕಿವಿಗೊಟ್ಟ.

“ಹೆಸರು ಸರ್?”

“ವಿಶ್ವನಾಥ್.”

“ವಯಸ್ಸು?”

“ಐವತ್ತನಾಲ್ಕು.”

“ಮೊದಲನೇ ಸಲನಾ ಸರ್? ಜೋರಾಗಿ ಶುರು ಮಾಡಬೇಡಿ. ಸುಸ್ತಾದ್ರೆ ನಡೀಬಹುದು, ಅದರಲ್ಲೇನೂ ಅವಮಾನ ಇಲ್ಲ. ನಾಲ್ಕನೇ ಕಿಲೋಮೀಟರಲ್ಲಿ ನೀರು, ಮೊಣಕಾಲಿಗೆ ಹಚ್ಚೋ ಮುಲಾಮು ಎರಡೂ ಇಟ್ಟಿದ್ದೀವಿ.”

“ಆಗಲಮ್ಮ,” ಎಂದ ವಿಶ್ವನಾಥ್, ವಿಧೇಯ ವಿದ್ಯಾರ್ಥಿಯ ಹಾಗೆ. ಚೀಟಿ ತೆಗೆದುಕೊಂಡು ತಿರುಗಿದಾಗ ವೇಣುವಿನ ಕಡೆಗೂ ಒಂದು ಸಣ್ಣ ನಗು ಬಂತು, ಗುರುತಿಲ್ಲದವರಿಗೆ ಕೊಡುವಂಥದು. ದೇಶಕ್ಕಾಗಿ ಓಡಿ ಏಷ್ಯಾದ ಕೂಟದಿಂದ ಪದಕ ತಂದವನಿಗೆ ತನ್ನ ಮಗಳು ಮುಲಾಮಿನ ಆಸೆ ತೋರಿಸಿದ್ದನ್ನು ಕೇಳಿ ವೇಣುವಿಗೆ ನಗಬೇಕೆನ್ನಿಸಿತು, ಓಡಿಹೋಗಬೇಕೆಂದೂ ಅನ್ನಿಸಿತು. ನೀನು ಯಾಕಪ್ಪಾ ಇಲ್ಲಿಗೆ ಬಂದೆ, ಎಂದು ಮನಸ್ಸಿನಲ್ಲೇ ಏಕವಚನದಲ್ಲಿ ಕೇಳಿದ. ನಿನಗೆ ಊರುಗಳಿಲ್ಲವೆ, ರಸ್ತೆಗಳಿಲ್ಲವೆ. ಇಲ್ಲಿ ಇರುವುದು ಒಂದೇ ಸ್ಟೀಲ್ ಕಪ್ಪು, ಹೆಚ್ಚೆಂದರೆ ಒಂದು ಪಾವು ಅಕ್ಕಿ ಹಿಡಿಸುವಂಥದು. ಐವತ್ತು ದಾಟಿದವರ ವಿಭಾಗದಲ್ಲಿ ಮೂರು ವರ್ಷದಿಂದ ಅದು ನನ್ನ ಹೊಲಿಗೆ ಮಿಷನ್ನಿನ ಮೇಲಿನ ಹಲಗೆಯಲ್ಲಿ ಕೂರುತ್ತದೆ. ಅದರಲ್ಲಿ ಗುಂಡಿ ಹಾಕಿಡುತ್ತೇನೆ. ಅಷ್ಟೇ. ಅಷ್ಟನ್ನೂ ಬಿಡಲಾರೆಯಾ.

ಆದರೆ ಕಪ್ಪಿನ ಚಿಂತೆ ಮೇಲುಮೇಲಿನದು ಎಂದು ಅವನಿಗೇ ಗೊತ್ತಿತ್ತು. ಅದರ ಕೆಳಗೆ ಇನ್ನೊಂದಿತ್ತು, ಮೂವತ್ತನಾಲ್ಕು ವರ್ಷ ಹಳೆಯದು. ಬೆಂಗಳೂರಿನ ಕ್ರೀಡಾಂಗಣದ ಕೆಂಪು ಟ್ರ್ಯಾಕು, ಇಪ್ಪತ್ತೈದು ಸುತ್ತು, ಹತ್ತೊಂಬತ್ತು ವರ್ಷದ ವೇಣು ಕೋಲಾರ ಜಿಲ್ಲೆಯ ಬನಿಯನ್ನು ತಾನೇ ಕೈಯಾರೆ ಬಿಗಿ ಮಾಡಿಕೊಂಡು ಓಡುತ್ತಿದ್ದಾನೆ. ಒಂಬತ್ತನೇ ಸುತ್ತಿನಲ್ಲಿ, ಆಗಲೇ ಒಂದು ಸುತ್ತು ಮುಂದಾದವನ ಉಸಿರು ಹಿಂದಿನಿಂದ ಬಂದು, “ಒಳಗೆ ಜಾಗ ಬಿಡು,” ಎನ್ನುತ್ತದೆ. ಬಿಡುತ್ತಾನೆ. ತಗ್ಗಿದ ಭುಜದ ಬೆನ್ನು ಮುಂದೆ ಹೋಗುತ್ತದೆ. ಹತ್ತೊಂಬತ್ತನೇ ಸುತ್ತಿನಲ್ಲಿ ಅದೇ ಉಸಿರು ಮತ್ತೆ ಬರುತ್ತದೆ. ಈ ಸಲ ಜಾಗ ಕೇಳುವುದಿಲ್ಲ, ಪಕ್ಕದಲ್ಲೇ ಎರಡು ಹೆಜ್ಜೆ ಜೊತೆಗಿದ್ದು, “ಬಿಡಬೇಡ,” ಎಂದು ಹೇಳಿ ಹೋಗುತ್ತದೆ. ಇಪ್ಪತ್ತನೇ ಸುತ್ತು ಮುಗಿದಾಗ ವೇಣು ಟ್ರ್ಯಾಕಿನಿಂದ ಹುಲ್ಲಿಗೆ ಕಾಲಿಟ್ಟು, ಏನೋ ಬಿದ್ದುಹೋದದ್ದನ್ನು ಹುಡುಕುವವನ ಹಾಗೆ ನೆಲ ನೋಡುತ್ತ, ಹಾಗೇ ನಡೆದು ಹೊರಗೆ ಹೋಗಿಬಿಡುತ್ತಾನೆ. ಯಾರೂ ಕರೆಯಲಿಲ್ಲ. ಯಾರಾದರೂ ಕರೆದಿದ್ದರೆ ಚೆನ್ನಾಗಿತ್ತು.

“ಏನ್ಲಾ ವೇಣು, ಮುಖ ಯಾಕೆ ಇಂಗೆ ಮಾಡ್ಕೊಂಡಿದೀಯಾ? ಒಟ್ಟೆ ಸರಿ ಇಲ್ವಾ?” ಎಂದು ಬೆನ್ನಿಗೆ ಗುದ್ದಿದವನು ಆರುಮುಗಂ. ಆಂಡರ್ಸನ್‌ಪೇಟೆಯಲ್ಲಿ ವೇಣುವಿನ ಅಂಗಡಿಯ ಎದುರಿಗೇ ಅವನ ಟೀ ಅಂಗಡಿ. ವಯಸ್ಸು ಐವತ್ತೆಂಟು, ಗಿಡ್ಡ ಕಾಲು, ದೊಡ್ಡ ಗಂಟಲು. ಇಪ್ಪತ್ತು ವರ್ಷದಿಂದ ಈ ಓಟಕ್ಕೆ ಬರುತ್ತಾನೆ, ಎರಡನೆಯವನಾಗಿಯೋ ಮೂರನೆಯವನಾಗಿಯೋ ಮುಗಿಸುತ್ತಾನೆ, ಮತ್ತು ಇಡೀ ವರ್ಷ ಟೀ ಸೋಸುತ್ತ ವೇಣುವಿನ ಕೀರ್ತಿಯನ್ನು ಸಾರುತ್ತಾನೆ.

“ಒಟ್ಟೆ ಚೆನ್ನಾಗೈತೆ ಆರುಮುಗಣ್ಣ.”

“ಅಂಗಾದ್ರೆ ನಗು. ನಿನ್ನ ಇಂದೆ ಓಡೋದು ಅಂದ್ರೆ ಸುಮ್ನೇನಾ? ವಿಶ್ವನಾಥ್ ಇಂದೆ ಎರಡನೇದು ಬಂದವನ ಇಂದೆ ನಾನು ಎರಡನೇದು!”

ಹತ್ತು ಮಾರು ದೂರದಲ್ಲಿ ವಿಶ್ವನಾಥ್ ಶೂ ಲೇಸು ಬಿಗಿಯುತ್ತಿದ್ದ. ಕೇಳಿಸಿತೋ ಏನೋ, ತಲೆ ಎತ್ತಲಿಲ್ಲ. ವೇಣುವಿನ ಕಿವಿ ಬಿಸಿಯಾಯಿತು. ಬಾಯಿಬಿಟ್ಟು ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ. ಆವತ್ತು ಬೆಂಗಳೂರಿನಿಂದ ಬಂಗಾರಪೇಟೆಗೆ ಬಂದು, ಅಲ್ಲಿ ರೈಲು ಬದಲಿಸಿ ಊರಿಗೆ ಬಂದಿಳಿದಾಗ ಇದೇ ಆರುಮುಗಂ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ. “ಎಷ್ಟನೇದೋ?” ಎಂದು ದೂರದಿಂದಲೇ ಕೂಗಿದ. ಕೂಗಿ ಉತ್ತರಿಸಲು ವೇಣುವಿಗೆ ನಾಚಿಕೆಯಾಯಿತು. ಎರಡು ಸಲ ನನ್ನನ್ನು ದಾಟಿಕೊಂಡು ಹೋದರು ಎಂದು ಹೇಳಲು ಎರಡು ಬೆರಳು ಎತ್ತಿದ. “ಎರಡನೇದು! ನಮ್ ವೇಣು ಎರಡನೇದು!” ಎಂದು ಆರುಮುಗಂ ಅವನನ್ನು ಎತ್ತಿ ಗಿರಗಿರ ತಿರುಗಿಸಿದ, ಪ್ಲಾಟ್‌ಫಾರಮ್ಮಿನಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಬೆರಳುಗಳನ್ನು ಮಡಚಲು ವೇಣುವಿಗೆ ಆಗಲಿಲ್ಲ. ಆಮೇಲೆ ವಿಶ್ವನಾಥನ ಹೆಸರು ಪೇಪರಿನಲ್ಲಿ ದೊಡ್ಡದಾಗುತ್ತ ಹೋದ ಹಾಗೆ ಎರಡನೆಯ ಸ್ಥಾನವೂ ದೊಡ್ಡದಾಗುತ್ತ ಹೋಯಿತು. ಹೆಂಡತಿ ಮುನಿಲಕ್ಷ್ಮಿಯ ತಂದೆ ಕ್ಯಾಸಂಬಳ್ಳಿಯಿಂದ ಹೆಣ್ಣು ಕೊಡಲು ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಸಹನ ಆಟದ ಟೀಚರಾದದ್ದಕ್ಕೆ ಅದೇ ಕಾರಣ. ಎರಡು ಬೆರಳಿನ ಮೇಲೆ ಒಂದು ಸಂಸಾರವೇ ನಿಂತುಬಿಟ್ಟಿತ್ತು.

ಚಿಕ್ಕ ವಯಸ್ಸಿನವರನ್ನು ಇಪ್ಪತ್ತು ನಿಮಿಷ ಮೊದಲೇ ಬಿಟ್ಟು, ಐವತ್ತು ದಾಟಿದ ಮೂವತ್ತು ಜನರನ್ನು ಕೊನೆಗೆ ಬಿಟ್ಟರು. ಸೀಟಿ ಊದಿದಾಗ ವೇಣು ಎಂದಿನ ಹಾಗೆ ಮೊದಲನೆಯವನಾಗಿ ಹೊರಬಿದ್ದ. ವಿಶ್ವನಾಥ್ ಎಲ್ಲರಿಗಿಂತ ಹಿಂದೆ, ಒಬ್ಬ ರಿಟೈರ್ಡ್ ಮೇಷ್ಟ್ರ ಜೊತೆ ಮಾತಾಡಿಕೊಂಡು ಬರುತ್ತಿದ್ದುದನ್ನು ತಿರುಗಿ ನೋಡಿ ಸ್ವಲ್ಪ ಧೈರ್ಯ ತಂದುಕೊಂಡ. ಮಂಡಿ ಹೋಗಿರಬಹುದು. ಸಕ್ಕರೆ ಕಾಯಿಲೆ ಇರಬಹುದು. ಇಂಥ ದೊಡ್ಡವರಿಗೆ ವಯಸ್ಸಾದ ಮೇಲೆ ಏನೇನೋ ಬರುತ್ತದಂತೆ. ಅವರಿಗೆ ಕಾಯಿಲೆ ಬಯಸುತ್ತಿದ್ದೇನಲ್ಲ ಎಂದು ನಾಚಿಕೊಂಡು, ಸಕ್ಕರೆ ಕಾಯಿಲೆಯನ್ನು ವಾಪಸು ತೆಗೆದುಕೊಂಡ. ಮಂಡಿಯನ್ನು ಅಲ್ಲಿಗೇ ಬಿಟ್ಟ. ಅಂಗಡಿಗಳ ಬಾಗಿಲು ಒಂದೊಂದೇ ಮೇಲೆದ್ದವು. ಇಡ್ಲಿ ಪಾತ್ರೆಯ ಹಬೆ, ಆಟೋದವರ ಶಿಳ್ಳೆ, “ವೇಣಣ್ಣಾ, ಬಿಡಬ್ಯಾಡ!” ಎಂದು ಯಾರೋ ಮೆಟ್ಟಿಲ ಮೇಲಿಂದ. ಈ ಬೀದಿಯಲ್ಲಿ ಅವನು ಅಳತೆ ತೆಗೆಯದ ಮನೆ ಇಲ್ಲ. ವರ್ಷದಲ್ಲಿ ಇದೊಂದು ದಿನ ಜನ ಅವನ ಕಾಲು ನೋಡುತ್ತಾರೆ. ಎದೆ ಅಗಲವಾಯಿತು, ಮೈ ಹಗುರಾಯಿತು, ಬಿಸಿಲು ಹೆಂಚುಗಳ ಮೇಲಿಂದ ಇಳಿದು ರಸ್ತೆಗೆ ಬಂತು, ಮತ್ತು ನೀರಿನ ಮೇಜು ದಾಟಿದ್ದೇ ಹಿಂದಿನಿಂದ ಆ ಉಸಿರು ಬಂತು. ಅದೇ ಉಸಿರು. ಮೂಗಿನಲ್ಲಿ ಎರಡು, ಬಾಯಲ್ಲಿ ಒಂದು. “ಸ್ವಲ್ಪ ಜಾಗ,” ಎಂದಿತು. ವೇಣುವಿನ ಕಾಲು, ಅವನನ್ನು ಕೇಳದೆಯೇ, ಪಕ್ಕಕ್ಕೆ ಸರಿದುಬಿಟ್ಟವು.

ತಗ್ಗಿದ ಭುಜ ಮುಂದೆ ಹೋಯಿತು. ಹೋಗಲಿ ಎಂದುಕೊಂಡ. ಹಾಗಂದುಕೊಂಡರೂ ಕಾಲು ಎಳೆಯತೊಡಗಿದವು. ಮೈದಾನಕ್ಕೆ ವಾಪಸು ಹೋದಾಗ ಹೆಸರು ಕೂಗುತ್ತಾರೆ, ಗುರುತು ಹಿಡಿಯುತ್ತಾರೆ, ಆರುಮುಗಂ ಇಬ್ಬರ ಕೈಯನ್ನೂ ಹಿಡಿದು ಎಳೆದು ತಂದು ಜೋಡಿಸುತ್ತಾನೆ, ಇವನೇ ಸಾರ್ ನಿಮ್ಮ ವೇಣು, ನೆನಪಿದೆಯಾ, ಎನ್ನುತ್ತಾನೆ. ಮಗಳು ಮೇಜಿನ ಹಿಂದಿನಿಂದ ಎದ್ದು ನಿಂತು ನೋಡುತ್ತಾಳೆ. ಆ ದೃಶ್ಯವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತ ಅವನು ಆಂಡರ್ಸನ್‌ಪೇಟೆ ದಾಟಿದ. ಚಿನ್ನದ ಗಣಿಯ ಕಸದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದ ಬುಡಕ್ಕೆ ಬರುವ ಹೊತ್ತಿಗೆ ವಿಶ್ವನಾಥ್ ಐವತ್ತು ಮಾರು ಮುಂದಿದ್ದ. ಅಲ್ಲಿ ರಸ್ತೆ ಎರಡಾಗುತ್ತದೆ. ಎಡದ್ದು ದಿಬ್ಬವನ್ನು ಬಳಸಿ ಬಸ್ಸಿನ ರಸ್ತೆಗೆ ಸೇರಿ ಮೈದಾನಕ್ಕೆ ಹೋಗುತ್ತದೆ. ಬಲದ್ದು ಬೂದುಬಣ್ಣದ ಆ ಮಣ್ಣಿನ ಗೋಡೆಯ ಪಕ್ಕದಲ್ಲೇ ಹೋಗಿ ಹೋಗಿ ಮುಚ್ಚಿದ ಹಳೆಯ ಗಣಿ ಶಾಫ್ಟಿನ ಗೇಟಿಗೆ ಮುಗಿಯುತ್ತದೆ. ಸುಣ್ಣದಲ್ಲಿ ಬರೆದ ಬಾಣದ ಗುರುತಿನ ಮೇಲೆ ಹಾಲಿನ ಟೆಂಪೋ ನಿಂತಿತ್ತು. ಬಾವುಟ ಹಿಡಿದು ದಾರಿ ತೋರಿಸಬೇಕಾದ ಸಂಘದ ಸದಸ್ಯರು ಬಾವುಟವನ್ನು ಕಲ್ಲಿಗೆ ಒರಗಿಸಿ ದಿಬ್ಬದ ಹಿಂದೆಲ್ಲೋ ಹೋಗಿದ್ದರು. ವಿಶ್ವನಾಥ್ ಓಡುತ್ತಲೇ ತಿರುಗಿ, ಬಲಗಡೆಗೆ ಕೈ ತೋರಿಸಿ, ಈ ಕಡೆಯೇನು ಎನ್ನುವ ಹಾಗೆ ಹುಬ್ಬು ಎತ್ತಿದ.

ವೇಣುವಿನ ತಲೆ ಆಡಿತು. ಹೌದೆನ್ನುವ ಹಾಗೂ ಇಲ್ಲ, ಅಲ್ಲವೆನ್ನುವ ಹಾಗೂ ಇಲ್ಲ, ಬಟ್ಟೆ ನಾಳೆ ಸಿಗುತ್ತದಾ ಎಂದು ಕೇಳಿದವರಿಗೆ ಆಡಿಸುವ ಹಾಗೆ. ವಿಶ್ವನಾಥ್ ಕೃತಜ್ಞತೆಯಿಂದ ಒಂದು ಕೈ ಎತ್ತಿ ಬಲಕ್ಕೆ ತಿರುಗಿ ಹೋದ.

ಎಡರಸ್ತೆಯಲ್ಲಿ ಮೊದಲ ನೂರು ಹೆಜ್ಜೆ ವೇಣು ಏನನ್ನೂ ಯೋಚಿಸಲಿಲ್ಲ. ಮುಂದೆ ಯಾರೂ ಇರಲಿಲ್ಲ. ರಸ್ತೆ ತೊಳೆದಿಟ್ಟಂತೆ ಖಾಲಿ. ಗೆದ್ದೆ ಎಂದು ಹೇಳಿಕೊಳ್ಳಲು ನೋಡಿದ. ಮಾತು ಒಳಗೇ ತಿರುಗಿ ಬೇರೆಯಾಗಿ ಹೊರಬಂತು. ನಾನೇನು ಹೇಳಿದೆ, ಏನೂ ಹೇಳಲಿಲ್ಲವಲ್ಲ. ತಲೆ ಆಡಿತು, ನೊಣ ಬಂದಿದ್ದಿರಬಹುದು. ಅವರೇ ತಪ್ಪು ತಿಳಿದುಕೊಂಡರೆ ನಾನೇನು ಮಾಡಲಿ. ಅವತ್ತು ಸ್ಟೇಷನ್ನಿನಲ್ಲೂ ಅಷ್ಟೆ, ನಾನೇನು ಹೇಳಿದೆ. ಇನ್ನೂರನೇ ಹೆಜ್ಜೆಗೆ ಅವನಿಗೆ ತನ್ನ ಮೈಯ ಮೇಲೆಯೇ ಜುಗುಪ್ಸೆ ಬಂತು. ಬಾಯಿ ಯಾವಾಗಲೂ ಶುದ್ಧ, ಪಾಪವೆಲ್ಲ ಬೆರಳಿನದು, ಕತ್ತಿನದು. ಈಗ ಆ ಮನುಷ್ಯ ಎಲ್ಲಿಯವರೆಗೆ ಹೋಗಿರಬಹುದು. ಗೇಟು ಕಂಡಾಗ ಏನೆಂದುಕೊಳ್ಳಬಹುದು. ಬಿಡಬೇಡ ಎಂದು ಹೇಳಿದ್ದವನು. ಹೆಜ್ಜೆ ನಿಂತಿತು. ನಿಂತ ಕಾಲು ಹಿಂದಕ್ಕೆ ತಿರುಗಿದಾಗ ಅವನಿಗೇ ಆಶ್ಚರ್ಯವಾಯಿತು. ಆಮೇಲೆ ಓಡಿದ.

ಕವಲಿಗೆ ಅವನು ಮರಳುವುದಕ್ಕೂ ಆರುಮುಗಂ ಏದುಸಿರು ಬಿಡುತ್ತ ಅಲ್ಲಿಗೆ ಬರುವುದಕ್ಕೂ ಸರಿಹೋಯಿತು.

“ಡೇ ವೇಣು! ಎನ್ನಡಾ ಇದು, ಉಲ್ಟಾ ಬತ್ತಾ ಇದೀಯಾ?”

“ನೀನು ಓಗು ಆರುಮುಗಣ್ಣ! ಎಡಕ್ಕೆ ಓಗು, ನಿಲ್ಲಬೇಡ!”

“ನೀನು?”

“ನಾನು ಬತ್ತೀನಿ, ಓಗು!”

ಆರುಮುಗಂ ಎಡಕ್ಕೆ ಹೋದ. ಅವನ ಹಿಂದಿದ್ದವರೊಬ್ಬರು ಮಾತ್ರ, ಮೂರು ವರ್ಷದ ಚಾಂಪಿಯನ್ನು ಹೋಗುವ ದಾರಿಯೇ ಸರಿಯಾದ ದಾರಿ ಎಂದು ನಂಬಿ ವೇಣುವಿನ ಬೆನ್ನಿಗೆ ಬಿದ್ದರು. ಅವರನ್ನು ಕೈಮುಗಿದು ವಾಪಸು ಕಳಿಸಿ, ಕಲ್ಲಿಗೆ ಒರಗಿಸಿದ್ದ ಬಾವುಟವನ್ನು ಎಡರಸ್ತೆಯ ಬಾಯಲ್ಲಿ ನೆಟ್ಟು, ವೇಣು ಬಲಕ್ಕೆ ಹೊರಟ.

ದೂರದಲ್ಲಿ ಬೂದುಗೋಡೆಯ ಪಕ್ಕ ಬಿಳಿ ಬನಿಯನ್ನು ಚಿಕ್ಕದಾಗಿ ಕಾಣುತ್ತಿತ್ತು. “ಸಾರ್! ಎಡಕ್ಕೆ, ಸಾರ್, ಎಡಕ್ಕೆ!” ಎಂದು ಕೂಗಿದ. ದಿಬ್ಬ ಆ ಕೂಗನ್ನು ನುಂಗಿ ಬರೀ ‘ಸಾರ್’ ಅನ್ನು ವಾಪಸು ಕೊಟ್ಟಿತು. ಮುಂದಿನವನು ಅರ್ಧ ತಿರುಗಿ ನೋಡಿದ, ಬೆನ್ನಟ್ಟಿ ಬರುತ್ತಿರುವವನನ್ನು ಕಂಡ, ಮತ್ತು ವೇಗ ಹೆಚ್ಚಿಸಿದ. ವೇಣು ಇನ್ನೂ ಜೋರಾಗಿ ಓಡಿದ. ಮುಂದಿನವನೂ ಇನ್ನೂ ಜೋರಾಗಿ ಓಡಿದ. ಒಬ್ಬ ರಾಷ್ಟ್ರೀಯ ಚಾಂಪಿಯನ್ನನ್ನು ತಪ್ಪುದಾರಿಯಿಂದ ಉಳಿಸಬೇಕಾದರೆ ಮೊದಲು ಅವನನ್ನು ಓಟದಲ್ಲಿ ಹಿಡಿಯಬೇಕು ಎನ್ನುವ ಸಂಗತಿ ವೇಣುವಿಗೆ ಅರ್ಥವಾದದ್ದು ಆಗ. ಗಂಟಲಲ್ಲಿ ಕಬ್ಬಿಣದ ರುಚಿ ಬಂತು. ಕಾಲು ಎಲ್ಲಿ ಬೀಳುತ್ತಿದೆಯೋ ತಿಳಿಯುತ್ತಿರಲಿಲ್ಲ. ಭುಜ, ಬೆನ್ನು, ಬಟ್ಟೆ ಎಲ್ಲ ಹೋಗಿ ಬರೀ ಗಾಳಿ ಉಳಿಯಿತು. ಮತ್ತು ನಡುವೆ ಎಲ್ಲೋ, ಯಾವ ಲಜ್ಜೆಯೂ ಇಲ್ಲದೆ, ಖುಷಿ ಬಂತು. ಇಷ್ಟು ಜೋರಾಗಿ ತಾನು ಹತ್ತೊಂಬತ್ತರಲ್ಲೂ ಓಡಿರಲಿಲ್ಲ. ಪಾಪ ಮಾಡಿ ಅದನ್ನು ತೊಳೆಯಲು ಹೊರಟವನಿಗೆ ಇಷ್ಟು ಖುಷಿಯಾಗಬಾರದು ಎಂದು ಮನಸ್ಸಿನ ಒಂದು ಮೂಲೆ ಎಚ್ಚರಿಸಿತು. ಖುಷಿ ಕೇಳಲಿಲ್ಲ.

ವಿಶ್ವನಾಥನನ್ನು ನಿಲ್ಲಿಸಿದ್ದು ಗೇಟು. ತುಕ್ಕು ಹಿಡಿದ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಅವನು ಬಗ್ಗಿ ನಿಂತಿದ್ದ. ವೇಣು ಬಂದು ಪಕ್ಕದಲ್ಲೇ ನೆಲಕ್ಕೆ ಕುಸಿದ. ಆಮೇಲೆ ವಿಶ್ವನಾಥ್ ನಗತೊಡಗಿದ.

“ಯಾರ್ರೀ ನೀವು? ನನ್ನನ್ನ ಹೀಗೆ ಯಾರಾದರೂ ಅಟ್ಟಿಸಿಕೊಂಡು ಬಂದು ಇಪ್ಪತ್ತೈದು ವರ್ಷ ಆಯ್ತು! ಹೋದಲ್ಲೆಲ್ಲ ಶಾಲು ಹೊದಿಸಿ ಕುರ್ಚಿ ಮೇಲೆ ಕೂರಿಸಿಬಿಡ್ತಾರೆ, ಓಡೋಕೆ ಬಿಡಲ್ಲ. ಹೆಂಡತಿಗೆ ಇಲ್ಲಿನ ಕಾರ್ಖಾನೆಗೆ ವರ್ಗ ಆಯ್ತು, ಬಂಗಾರಪೇಟೆಯಲ್ಲಿ ಮನೆ ಮಾಡಿದ್ವಿ. ಇಲ್ಲಿ ಯಾರಿಗೂ ಗುರುತಿಲ್ಲ ಅಂತ ಬೆಳಿಗ್ಗೆ ಬಸ್ಸು ಹತ್ತಿ ಬಂದೆ. ಆ ಟೀಚರಮ್ಮ ಮುಲಾಮು ಬೇರೆ ಇದೆ ಅಂದ್ರು. ಎಷ್ಟು ಸಂತೋಷ ಆಯ್ತು ಗೊತ್ತಾ!”

“ಅವಳು ನನ್ ಮಗಳು ಸಾರ್,” ಎಂದ ವೇಣು. ನಂತರ, ಉಸಿರು ಇನ್ನೂ ಕೂಡಿಕೊಳ್ಳುವ ಮೊದಲೇ, ಕೂಡಿಕೊಂಡರೆ ಮತ್ತೆ ಹೇಳಲಾರೆನೆಂದು ಹೆದರಿ, “ದಾರಿ ತಪ್ಪಿದೀರ ಸಾರ್. ನಾನೇ ತಪ್ಸಿದ್ದು. ಗೊತ್ತಿದ್ದೂ ತಲೆ ಆಡಿಸ್ಬಿಟ್ಟೆ,” ಎಂದ. ಒಂದು ಹೇಳಿದ ಮೇಲೆ ಇನ್ನೊಂದು ತಾನಾಗಿಯೇ ಬಂತು: ಬೆಂಗಳೂರಿನ ಟ್ರ್ಯಾಕು, ಎರಡು ಸಲ ದಾಟಿದ್ದು, ಇಪ್ಪತ್ತನೇ ಸುತ್ತು, ಸ್ಟೇಷನ್ನು, ಎರಡು ಬೆರಳು. “ಊರೆಲ್ಲ ಅಂಗೇ ನಂಬ್ಕೊಂಡೈತೆ ಸಾರ್. ನನ್ ಮಗಳೂನೂ.”

ವಿಶ್ವನಾಥನ ನಗು ನಿಂತಿತ್ತು. ಅವನು ವೇಣುವಿನ ಮುಖವನ್ನು ಬಹಳ ಹೊತ್ತು ನೋಡಿದ, ಹುಡುಕುವವನ ಹಾಗೆ.

“ನನಗೆ ನಿಮ್ಮ ನೆನಪೇ ಇಲ್ವಲ್ರೀ.”

“ನೀವು ಬಿಡಬೇಡ ಅಂದ್ರಿ ಸಾರ್. ಪಕ್ಕದಲ್ಲಿ ಬಂದು.”

“ನಾನಾ? ಓಡುವಾಗ ನಾನು ಯಾರ ಜೊತೆಯೂ ಮಾತಾಡ್ತಿರಲಿಲ್ಲ. ಜಾಗ ಬಿಡು ಅಂತಿದ್ದೆ, ಅಷ್ಟೇ. ಉಸಿರು ಹಾಳಲ್ವಾ. ಬೇರೆ ಯಾರೋ ಅಂದಿರಬೇಕು.”

ಮೂವತ್ತನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದರಲ್ಲಿ ಅರ್ಧ ಭಾಗ ಆ ಕ್ಷಣದಲ್ಲಿ ಕೈಜಾರಿ ಬಿತ್ತು. ನೋವಾಗಬೇಕಿತ್ತು. ವೇಣು ಕಾದು ನೋಡಿದ, ಆಗಲಿಲ್ಲ. ತಾನು ಓಡಿಹೋದದ್ದನ್ನು ಕಂಡವನೆಂದು ಅವನು ಹೆದರಿಕೊಂಡು ಬಂದ ಒಬ್ಬನೇ ಸಾಕ್ಷಿಗೆ ಏನೂ ಕಂಡಿರಲಿಲ್ಲ. ಆ ಮಾತನ್ನು ಆಡಿದ್ದು ಯಾರೋ, ತನ್ನ ಹಾಗೇ ಹಿಂದೆ ಬಿದ್ದ ಇನ್ನೊಬ್ಬನೋ, ಅಥವಾ ತನ್ನ ಬಾಯೇ ಆಡಿತೋ.

“ನೋಡಿ,” ಎಂದ ವಿಶ್ವನಾಥ್, ಗೇಟು ಬಿಟ್ಟು ನೆಟ್ಟಗೆ ನಿಂತು, “ನನಗೆ ಈಗ ಸಿಟ್ಟು ಬರಬೇಕು. ಬರ್ತಾ ಇದೆ. ಆದರೆ ಇಲ್ಲಿ ನಿಂತ್ಕೊಂಡು ಬೈದರೆ ಕಾಲು ಹಿಡ್ಕೊಳ್ತವೆ. ಏಳಿ. ಓಡ್ತಾ ಬೈತೀನಿ.”

ಹಾಗೇ ಆಯಿತು. ವಾಪಸು ಬರುವ ದಾರಿಯುದ್ದಕ್ಕೂ ವಿಶ್ವನಾಥ್ ಬೈದ. ನಾಲ್ಕು ಹೆಜ್ಜೆಗೊಂದು ಮಾತು, ಉಸಿರಿಗೆ ಸರಿಯಾಗಿ ಕತ್ತರಿಸಿ. ನಾಚಿಕೆ ಆಗಲ್ವಾ ನಿಮಗೆ. ಮಗಳು ಟೀಚರು. ವಯಸ್ಸೆಷ್ಟು ನಿಮಗೆ. ತಲೆ ಅಂತೆ, ಆಡಿತಂತೆ. ವೇಣು ಪ್ರತಿಯೊಂದಕ್ಕೂ “ಹೂಂ ಸಾರ್,” ಎಂದ. ಕವಲಿಗೆ ಬರುವ ಹೊತ್ತಿಗೆ ಬೈಗುಳ ಖಾಲಿಯಾಗಿ, “ಭುಜ ಯಾಕೆ ಅಷ್ಟು ಬಿಗಿ ಹಿಡೀತೀರಾ, ಸಡಿಲ ಬಿಡಿ,” ಎನ್ನುವಲ್ಲಿಗೆ ಬಂದಿತ್ತು. ಬಾವುಟದವರು ಈಗ ಬಾವುಟ ಹಿಡಿದು ಬಹಳ ಶಿಸ್ತಿನಿಂದ ಎಡಗಡೆ ತೋರಿಸುತ್ತ ನಿಂತಿದ್ದರು. ಅವರನ್ನು ನೋಡಿ ಇಬ್ಬರಿಗೂ ಒಟ್ಟಿಗೆ ನಗು ಬಂತು, ಮತ್ತು ನಗುತ್ತ ಓಡುವುದು ಎಷ್ಟು ಕಷ್ಟವೆಂದು ವೇಣುವಿಗೆ ಮೊದಲ ಸಲ ತಿಳಿಯಿತು.

ಮೈದಾನ ತಲುಪಿದಾಗ ಅವರ ಹಿಂದೆ ಉಳಿದಿದ್ದವರು ಆ ರಿಟೈರ್ಡ್ ಮೇಷ್ಟ್ರು ಒಬ್ಬರೇ. ಬಹುಮಾನ ಶುರುವಾಗಿಬಿಟ್ಟಿತ್ತು. ಲಾರಿಯ ಹಲಗೆ ಇಳಿಸಿ ಮಾಡಿದ ವೇದಿಕೆಯ ಮೇಲೆ ಆರುಮುಗಂ ನಿಂತಿದ್ದ, ಎದೆಗೆ ಸ್ಟೀಲ್ ಕಪ್ಪನ್ನು ಮಗುವಿನ ಹಾಗೆ ಅವುಚಿಕೊಂಡು. ಅವನ ಬಾಯಿಗೆ ಯಾರೋ ಮೈಕು ಹಿಡಿದಿದ್ದರು, ಅದರ ಅಗತ್ಯವಿರಲಿಲ್ಲ.

“ಎಲ್ಲಾರ್ಗೂ ವಣಕ್ಕಂ, ನಮಸ್ಕಾರ! ಇಪ್ಪತ್ತು ವರ್ಷದಿಂದ ನಾನು ಓಡ್ತಾ ಇದೀನಿ. ಈ ಕಪ್ಪು ನನ್ ಕೈಗೆ ಸಿಕ್ಕಿರ್ಲಿಲ್ಲ. ಯಾಕೆ? ನಮ್ಮೂರಲ್ಲಿ ವೇಣು ಅವ್ನೆ! ವೇಣು ಯಾರು? ಇಂಡಿಯಾಕ್ಕೆ ಓಡಿದ ವಿಶ್ವನಾಥ್ ಇಂದೆ ಎರಡನೇದು ಬಂದವನು! ಅಂತಾ ವೇಣೂನ ಇವತ್ತು ಈ ಟೀ ಅಂಗ್ಡಿ ಆರುಮುಗಂ ಸೋಲ್ಸವ್ನೆ!”

ಚಪ್ಪಾಳೆ, ಶಿಳ್ಳೆ. ವೇಣು ವಿಶ್ವನಾಥನ ಮುಖ ನೋಡಿದ. ವಿಶ್ವನಾಥ್ ಆಕಾಶ ನೋಡುತ್ತಿದ್ದ; ನಿಮ್ಮ ಊರು, ನಿಮ್ಮ ವಿಷಯ, ಎನ್ನುವ ಹಾಗೆ. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿದ್ದರೆ ಆರುಮುಗನ ಸಂತೋಷಕ್ಕೂ ಒಳ್ಳೆಯದು ಎಂದು ಮನಸ್ಸು ಬಹಳ ನಯವಾದ ದಾರವೊಂದನ್ನು ಎಳೆಯಿತು. ಈ ದಾರ ಅವನಿಗೆ ಪರಿಚಿತ. ಎಷ್ಟೋ ವರ್ಷ ಇದರಲ್ಲೇ ಹೊಲಿದಿದ್ದ. ಅವನು ಜನರ ನಡುವೆ ಜಾಗ ಮಾಡಿಕೊಂಡು ಹೋಗಿ ವೇದಿಕೆ ಹತ್ತಿದ. ಗೆದ್ದವನನ್ನು ಅಪ್ಪಿಕೊಳ್ಳಲು ಬಂದನೆಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

“ನಾನು ಎರಡನೇದು ಬಂದಿರ್ಲಿಲ್ಲ,” ಎಂದ ಮೈಕಿಗೆ. ಮೈಕು ಕಿರ್ರೆಂದಿತು. ಮತ್ತೆ ಹೇಳಬೇಕಾಯಿತು. “ಯಾವ್ದೂ ಬಂದಿರ್ಲಿಲ್ಲ. ಅವರು ನನ್ನ ಎರಡು ಸಲ ದಾಟ್ಕೊಂಡು ಓದ್ರು. ನಾನು ಅರ್ಧಕ್ಕೇ ಬಿಟ್ಟು ಓಡ್ಬಂದೆ. ಅದನ್ನ ಏಳಕ್ಕೆ ಎರಡು ಬೆರಳು ತೋರಿಸ್ದೆ. ಆರುಮುಗಣ್ಣ ಎರಡನೇದು ಅಂದ. ನಾನು ಸುಮ್ನಾದೆ.”

ಮೊದಲು ಬಾಯಿಬಿಟ್ಟವನು ಆರುಮುಗಂ.

“ಐಯಯ್ಯೋ ಪಾವಿ! ಇದನ್ನ ನಾಳೆ ಏಳಕ್ಕಾಗ್ತಿರ್ಲಿಲ್ವೇನ್ಲಾ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆರುಮುಗಂ ನಗಲಿಲ್ಲ. ಕಪ್ಪನ್ನು ಒಮ್ಮೆ ನೋಡಿದ, ವೇಣುವನ್ನು ಒಮ್ಮೆ ನೋಡಿದ. “ಇಪ್ಪತ್ತು ವರ್ಷ ಆದ್ಮೇಲೆ ಒಂದು ದಿನ ಗೆದ್ರೆ... ಅಂಗಾದ್ರೆ ನಾನು ಯಾರನ್ನ ಸೋಲ್ಸಿದ್ದು?” ಎಂದು ಕೇಳಿದ. ಆ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ.

ವೇಣು ಕೆಳಗೆ ಕೈ ತೋರಿಸಿದ. “ಅವರನ್ನ.”

“ಯಾರವರು?”

“ವಿಶ್ವನಾಥ್.”

ಮುನ್ನೂರು ತಲೆಗಳು ತಿರುಗಿದವು. ಬಿಳಿ ಬನಿಯನ್ನಿನ ಮನುಷ್ಯ, ಶಾಲು ಕುರ್ಚಿಗಳಿಗೆ ಹೆದರಿ ಈ ಊರಿಗೆ ಬಂದವನು, ಒಂದು ಗಳಿಗೆ ತಪ್ಪಿಸಿಕೊಳ್ಳುವ ದಾರಿ ನೋಡಿದ. ನಂತರ ಎದೆಯ ನಂಬರನ್ನು ಸರಿಪಡಿಸಿಕೊಂಡು, ವೇದಿಕೆಯ ಬುಡಕ್ಕೆ ಬಂದು, ಆರುಮುಗನ ಕಡೆಗೆ ಕೈ ಚಾಚಿದ. “ಹೌದು ಸ್ವಾಮಿ. ಟೀಚರಮ್ಮ ಪಟ್ಟಿಯಲ್ಲಿ ಬರೆದುಕೊಂಡಿದ್ದಾರಲ್ಲ, ನೋಡಿ. ಹದಿನಾಲ್ಕು ನಿಮಿಷದಿಂದ ಸೋಲಿಸಿದ್ದೀರಿ,” ಎಂದ. “ಚೆನ್ನಾಗಿ ಓಡಿದ್ರಿ.”

ಆರುಮುಗಂ ಚಾಚಿದ ಕೈಯನ್ನು ಮುಟ್ಟಲಿಲ್ಲ. ಕಪ್ಪು ಸಮೇತ ಲಾರಿಯ ಹಲಗೆಯ ಮೇಲೇ ಕೂತುಬಿಟ್ಟ, ಕಾಲು ಇಳಿಬಿಟ್ಟು. “ವಿಶ್ವನಾಥಾ?” ಎಂದ. “ಹದಿನಾಲ್ಕಾ?” ಎಂದ. ಆಮೇಲೆ ಮೈಕಿನ ಹಂಗಿಲ್ಲದೆ ಅವನು ಹಾಕಿದ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದು ಹೋದವು. ಜನ ಲಾರಿಗೆ ಮುಗಿಬಿದ್ದರು. ವಿಶ್ವನಾಥನ ಭುಜದ ಮೇಲೆ ಯಾರೋ ಟವೆಲ್ಲು ಹೊದಿಸಿದರು. ವೇಣುವಿನ ಕಡೆ ಯಾರೂ ನೋಡುತ್ತಿರಲಿಲ್ಲ. ಇಷ್ಟು ವರ್ಷ ಹೆದರಿದ್ದ ಹೊತ್ತು ಬಂದು ಹೋಗಿತ್ತು, ಮತ್ತು ಅವನಿಗೆ ಹಸಿವಾಗುತ್ತಿತ್ತು, ಅಷ್ಟೆ.

ಅವನು ವೇದಿಕೆಯ ಹಿಂದಿನಿಂದ ಇಳಿದಾಗ ಸಹನ ಅಲ್ಲಿ ನಿಂತಿದ್ದಳು, ಕೈಯಲ್ಲಿ ಪಟ್ಟಿ, ಕುತ್ತಿಗೆಯಲ್ಲಿ ಸೀಟಿ. ಅವಳ ಮುಖದಲ್ಲಿ ಏನಿದೆಯೆಂದು ಓದಲು ಅವನಿಗೆ ಧೈರ್ಯ ಸಾಲಲಿಲ್ಲ. ತನ್ನ ಶೂ ನೋಡಿಕೊಂಡ.

“ಎಷ್ಟನೇ ಸುತ್ತಲ್ಲಿ ಬಿಟ್ಟೆ ಅಪ್ಪಾ?”

“ಇಪ್ಪತ್ತು.”

ಅವಳು ಬೆರಳು ಮಡಚಿ ಏನೋ ಎಣಿಸಿದಳು. ಅವನು ಕತ್ತು ತಗ್ಗಿಸಿ ಕಾದ.

“ಎರಡು ಸುತ್ತು ಹಿಂದೆ ಬಿದ್ದ ಮೇಲೂ ಇಪ್ಪತ್ತು ಓಡಿದ್ಯಾ!” ಎಂದಳು ಸಹನ. ಅವಳ ದನಿಯಲ್ಲಿ ಬೇಸರವಿತ್ತು. ಆದರೆ ಅದು ಸುಳ್ಳಿನ ಬಗ್ಗೆ ಅಲ್ಲವೇ ಅಲ್ಲ, ತನ್ನ ಶಾಲೆಯ ಮಗುವೊಂದು ಗೆರೆಯ ಹತ್ತಿರ ಬಂದು ಕೂತುಬಿಟ್ಟಾಗ ಬರುವಂಥದು. “ಇನ್ನು ಐದೇ ಇತ್ತಲ್ಲಪ್ಪಾ. ಐದೇ ಐದು.”

ಐದೇ. ವೇಣು ತಲೆ ಎತ್ತಿದ. ಮೂವತ್ತನಾಲ್ಕು ವರ್ಷದಲ್ಲಿ ಆ ಕಡೆಯಿಂದ ಅವನು ಒಮ್ಮೆಯೂ ಎಣಿಸಿ ನೋಡಿರಲಿಲ್ಲ. “ಹೂಂ ಕಣಮ್ಮ,” ಎಂದ, “ಐದೇ ಇತ್ತು,” ಎಂದ, ಮತ್ತು ಮಗಳ ಎದುರಿಗೆ, ಲಾರಿಯ ಚಕ್ರಕ್ಕೆ ಕೈ ಊರಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದ.